ಮನೆ ನೋಡಲು ಬಂದವರು

ಪರದೆ ಸರಿಸಿ ಒಳಗೆ ಕಾಲಿಟ್ಟ ಲುಬ್ನಾ, ಬೇರೆ ಯಾರದೋ ಮನೆಗೆ ನುಗ್ಗಿಬಿಟ್ಟೆನೇನೋ ಎಂದು ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಅವಳ ಬೆನ್ನಿಗೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದ ಸಾಯಬಣ್ಣ ಮೇಷ್ಟ್ರು ಅವಳಿಗೆ ಡಿಕ್ಕಿ ಹೊಡೆಯುವುದರಲ್ಲಿದ್ದರು. ಶಿವಾಜಿನಗರದ ಬಸ್‌ಸ್ಟ್ಯಾಂಡಿನಿಂದ ಅವರನ್ನು ಕರೆದುಕೊಂಡು ಬರಲು ಹಿಡಿದದ್ದು ಮುಕ್ಕಾಲು ಗಂಟೆ. ಅಷ್ಟರಲ್ಲಿ ಚಾಪೆ ಇದ್ದ ಕಡೆ ಕೆಂಪು ಸೋಫಾ ಬಂದು ಕೂತಿತ್ತು. ಕಿಟಕಿಗೆ ಜರಿ ಅಂಚಿನ ಪರದೆ ಬಿದ್ದಿತ್ತು. ಅಪ್ಪನ ಹೊಲಿಗೆ ಮಷೀನು ಎಲ್ಲಿ ಹೋಯಿತೋ, ಆ ಜಾಗದಲ್ಲಿ ಆಳೆತ್ತರದ ನೀಲಿ ಫ್ರಿಡ್ಜು.

ಮೇಷ್ಟ್ರು ಬಂದದ್ದೇ ಬಡತನ ನೋಡಲು. ಲುಬ್ನಾಗೆ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಸೀಟು ಸಿಕ್ಕಿತ್ತು, ಫೀಸಿಗೆ ದಾರಿ ಸಿಕ್ಕಿರಲಿಲ್ಲ. ಸ್ಕೂಟರ್ ಸೀಟು ಹೊಲಿಯುವ ಅಪ್ಪನ ಹತ್ತಿರ ಬ್ಯಾಂಕಿನವರು ಜಾಮೀನು ಕೇಳಿದ್ದರು. ಚಿಕ್ಕಪ್ಪ, ಮದುವೆಗಾದರೆ ಹೇಳು, ನಾಳೆಯೇ ಕೊಡುತ್ತೇನೆ ಎಂದಿದ್ದ. ಉಳಿದದ್ದು ಮೇಷ್ಟ್ರನ್ನು ಕಳಿಸಿದ ಈ ಟ್ರಸ್ಟು. ಎರಡು ವರ್ಷದ ಫೀಸನ್ನೂ ಅದೇ ಕಟ್ಟುತ್ತಿತ್ತು. ಆದರೆ ಮೊದಲು ತನ್ನ ಕಡೆಯವರೊಬ್ಬರನ್ನು ಮನೆಗೆ ಕಳಿಸಿ, ನಿಜಕ್ಕೂ ಗತಿಯಿಲ್ಲದವರೇ ಎಂದು ನೋಡಿಸುತ್ತಿತ್ತು. ಲುಬ್ನಾ ಅಮ್ಮಿಗೆ ವಾರದಿಂದ ಒಂದೇ ಮಾತು ಹೇಳಿದ್ದಳು: ಮನೆ ಹೇಗಿದೆಯೋ ಹಾಗೇ ಇರಲಿ, ಒಂದು ಲೋಟ ಚಹಾ ಸಾಕು. ಅಮ್ಮಿ ತಾಹೇರಾ ತಲೆಯಾಡಿಸಿದ್ದಳು ಕೂಡ.

"ಏನಮ್ಮಿ ಇದೆಲ್ಲ?" ಮೇಷ್ಟ್ರನ್ನು ಕೂರಿಸಿ, ಅಮ್ಮನನ್ನು ಅಡುಗೆಮನೆಯ ಮೂಲೆಗೆ ಎಳೆದುಕೊಂಡು ಲುಬ್ನಾ ಪಿಸುಗುಟ್ಟಿದಳು.

"ಹೆಣ್ಣು ನೋಡೋಕೆ ಬರೋರಿಗೆ ಇಡೀ ಗಲ್ಲಿ ಸಾಮಾನು ಕೊಡ್ತದೆ. ಓದ್ಸೋಕೆ ಬಂದೋರು ಅವ್ರಿಗಿಂತ ಕಮ್ಮಿನಾ?"

ಅದು ಆ ಗಲ್ಲಿಯ ಪದ್ಧತಿ. ಸೋಫಾ ಪಕ್ಕದ ಮನೆಯ ಭೀಮಬಾಯಿಯದು, ಅದು ಮನೆಯಿಂದ ಮನೆಗೆ ನಡೆದು ಇದುವರೆಗೆ ಒಂಬತ್ತು ಸಂಬಂಧ ಕುದುರಿಸಿತ್ತು. ಪರದೆ ಎದುರುಮನೆಯ ಸೊಸೆಯದು. ಫ್ರಿಡ್ಜನ್ನು ಕೆಳಗಿನ ರಿಪೇರಿ ಅಂಗಡಿಯ ಅಬ್ರಾರ್ ತಾನೇ ಮುಂದೆ ನಿಂತು ಹೊರಿಸಿಕೊಂಡು ಬಂದಿದ್ದ. ಅದಿನ್ನೂ ರಿಪೇರಿಯಾಗಿರಲಿಲ್ಲ.

ಮೇಷ್ಟ್ರು ಕಲಬುರಗಿ ಕಡೆಯವರು. ಹೆಡ್‌ಮಾಸ್ತರಿಕೆಯಿಂದ ನಿವೃತ್ತರಾಗಿ ಕಮ್ಮನಹಳ್ಳಿಯಲ್ಲಿ ಮಗಳ ಜೊತೆ ಇದ್ದರು. ಸೋಫಾದ ತುದಿಯಲ್ಲಿ ಕೂತು ಫಾರಂ ಬಿಡಿಸಿ, ಕುಡಿಯಲು ನೀರು ಕೇಳಿದರು. ತಾಹೇರಾ ರಾಜಗಾಂಭೀರ್ಯದಿಂದ ಫ್ರಿಡ್ಜಿನ ಬಾಗಿಲು ತೆರೆದು ಬಾಟಲಿ ತೆಗೆದುಕೊಟ್ಟಳು. ನೀರು ಉಗುರುಬೆಚ್ಚಗಿತ್ತು. ಮೇಷ್ಟ್ರು ಪೂರ್ತಿ ಕುಡಿದರು. ಫ್ರಿಡ್ಜಿನ ವಯರು ಪ್ಲಗ್ಗಿಲ್ಲದೆ ಜೋತಾಡುತ್ತಿತ್ತು. ಅವರ ಕಣ್ಣು ಒಂದು ಗಳಿಗೆ ಅಲ್ಲಿ ನಿಂತು ಮುಂದೆ ಸರಿಯಿತು.

ಫಾರಮ್ಮಿನಲ್ಲಿ ಸೋಫಾ, ಫ್ರಿಡ್ಜು, ವಾಷಿಂಗ್ ಮಷೀನು ಎಂದು ಸಾಲಾಗಿ ಚೌಕಗಳಿದ್ದವು. ಎರಡು ಕಡೆ 'ಇದೆ' ಎಂದು ಬಿದ್ದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆಂದು ಸೀನಿಯರ್‌ಗಳು ಹೇಳಿದ್ದರು. ಪೆನ್ನು ಮೊದಲ ಚೌಕದ ಹತ್ತಿರ ಹೋದಾಗ ಲುಬ್ನಾ ತಡೆಯಲಾರದೆ ಅಂದಳು, "ಸರ್, ಇದ್ಯಾವ್ದೂ ನಮ್ಮದಲ್ಲ. ಅಕ್ಕಪಕ್ಕದಿಂದ ತಂದಿರೋದು."

"ಮಗು, ಸಾಬ್. ತಮಾಷೆ ಮಾಡ್ತಾಳೆ," ಎಂದು ತಾಹೇರಾ ನಕ್ಕಳು. ನಗುತ್ತಲೇ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಬಿಚ್ಚುತ್ತಿದ್ದಳು. ಲುಬ್ನಾ ಅದನ್ನು ನೋಡಿದಳು. ಇನ್ನೊಮ್ಮೆ ಹೇಳಿದರೆ ಅತಿಥಿಯ ಮುಂದೆ ಅಮ್ಮಿ ಸುಳ್ಳುಗಾತಿಯಾಗುತ್ತಾಳೆ. ಹೇಳದಿದ್ದರೆ ಸೀಟು ಹೋಗುತ್ತದೆ.

"ಹೇಳಿದ್ದು ಬರಿಯಂಗಿಲ್ಲವ್ವ," ಎಂದರು ಮೇಷ್ಟ್ರು. "ಕಣ್ಣಿಗಿ ಕಂಡದ್ದಷ್ಟೇ ಬರೀಬೇಕಂತ ರೂಲ್ ಅದ."

ತಾಹೇರಾ ಚಹಾ ತಂದಿಟ್ಟಳು, ಜೊತೆಗೆ ಒಂದು ಬಟ್ಟಲು ಹಾಲು-ಅಕ್ಕಿಯ ಫಿರ್ನಿ. ಮೇಷ್ಟ್ರು ಕಪ್ಪನ್ನು ಬಾಯಿಗೆ ತರುತ್ತಿದ್ದಂತೆ ಹಬೆ ಎದ್ದು ಅವರ ದಪ್ಪ ಕನ್ನಡಕ ಮಂಜಾಯಿತು. ಅವರು ಅದನ್ನು ತೆಗೆದರು. ಒರೆಸಲಿಲ್ಲ. ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಬರಿಗಣ್ಣಿನಲ್ಲಿ ಗೋಡೆಯ ಕಡೆ, ಬಾಗಿಲ ಕಡೆ, ಸೂರಿನ ಕಡೆ ನೋಡಿದರು.

"ಈಗ ನನಗ ಏನೂ ಕಾಣವಲ್ದು," ಎಂದು ಫಾರಮ್ಮನ್ನೂ ಪೆನ್ನನ್ನೂ ಲುಬ್ನಾಳ ಕಡೆ ಚಾಚಿದರು. "ನೀನೇ ಓದಿ ನೀನೇ ತುಂಬು. ಖರೇ ಬರಿ."

ಲುಬ್ನಾ ನೆಲದ ಮೇಲೆ ಕೂತು ಬರೆದಳು. ಹನ್ನೊಂದು ಚೌಕಗಳು, ಹನ್ನೊಂದೂ 'ಇಲ್ಲ'ದ ಸಾಲಿನಲ್ಲಿ. ಕನ್ನಡ ಓದಲು ಬಾರದ ತಾಹೇರಾ ಮಗಳ ಹೆಗಲ ಮೇಲಿಂದ ಬಗ್ಗಿ, ಬಿದ್ದ ಒಂದೊಂದು ಗುರುತಿಗೂ ಹೆಮ್ಮೆಯಿಂದ ತಲೆದೂಗಿದಳು. ಇಷ್ಟೊಂದು ಗುರುತು ಬಿದ್ದ ಮನೆಯನ್ನು ಯಾರು ಬೇಡವೆಂದಾರು. ಮೇಷ್ಟ್ರು ಫಿರ್ನಿ ತಿನ್ನುತ್ತಿದ್ದರು. ಸಹಿಯ ಜಾಗ ಎಲ್ಲಿ ಎಂದು ಕೇಳಿದಾಗ ಲುಬ್ನಾ ಅವರ ಬೆರಳು ಹಿಡಿದು ತೋರಿಸಿದಳು. ಅವರು ಸಹಿ ಮಾಡಿ, ಕಾಗದವನ್ನು ಲಕೋಟೆಗೆ ತೂರಿಸಿ, ಅಂಚಿಗೆ ನಾಲಿಗೆ ಸವರಿ, ಹೆಬ್ಬೆರಳಿನಿಂದ ಎರಡು ಸಲ ಉಜ್ಜಿ ಅಂಟಿಸಿದರು.

ಆಮೇಲೆ ಕನ್ನಡಕ ಹೊರತೆಗೆದರು. ಅಂಗಿಯ ತುದಿಯಲ್ಲಿ ನಿಧಾನವಾಗಿ ಒರೆಸಿ, ಹಾಕಿಕೊಂಡು, ಆಗಷ್ಟೇ ಒಳಗೆ ಬಂದವರಂತೆ ಇಡೀ ಕೋಣೆಯನ್ನು ಒಂದು ಸುತ್ತು ನೋಡಿದರು.

"ಮನಿ ಭಾಳ ಚಲೋ ಇಟ್ಟೀರಿ ತಾಯಿ."

ತಾಹೇರಾ ನಾಚಿ ತಲೆ ತಗ್ಗಿಸಿದಳು. "ನೀವು ದಿಢೀರಂತ ಬಂದ್ಬಿಟ್ರಿ ಸಾಬ್," ಎಂದಳು. "ಮೊದ್ಲೇ ಗೊತ್ತಿದ್ದಿದ್ರೆ ಸ್ವಲ್ಪ ನೀಟಾಗಿ ಇಡ್ತಿದ್ದೆ."