ಕೋರಿದವರು ಮತ್ತು ಕೊಟ್ಟಿಗೆಯವರೆಲ್ಲರೂ

ನಮ್ಮೂರಿನ ಬಾನುಲಿಯನ್ನು ಮೊದಮೊದಲು ಮನುಷ್ಯರು ಕೇಳುತ್ತಿದ್ದರು. ಕೃಷಿ ವಾರ್ತೆ ಹೋಗಿ ಭಕ್ತಿಗೀತೆ ಬಂತು, ಭಕ್ತಿಗೀತೆ ಹೋಗಿ ಹಾಸ್ಯದ ಹರಟೆ ಬಂತು. ಒಂದೊಂದು ಬದಲಾವಣೆಗೂ ಒಂದಷ್ಟು ಜನ ರೇಡಿಯೊ ಬಂದ್ ಮಾಡಿ ಎದ್ದುಹೋದರು. ಕೊನೆಗೆ ಉಳಿದವು ಎಮ್ಮೆಗಳು. ತಮಗೆ ಮಾತು ಬಂದ ವರ್ಷವೇ ಅವು ಕೋರಿಕೆ ಕಾರ್ಯಕ್ರಮಕ್ಕೆ ಫೋನು ಮಾಡತೊಡಗಿದವು. ಹಾಡು ಯಾವುದಾದರೂ ಸರಿ, ತಮ್ಮ ಹೆಸರು ಓದಬೇಕು. ಅದರಲ್ಲಿ ಅವು ಥೇಟ್ ನಮ್ಮ ಹಾಗೆ.

ಹೊಸ ನಿರ್ದೇಶಕ ಪಟ್ಟೇದ ಬಂದ ದಿನವೇ ಆಜ್ಞೆ ಹೊರಡಿಸಿದರು. "ಹೆಸರು ಓದೂದು ಬಂದ್ ಮಾಡ್ರಿ. ಇನ್ನ ಮ್ಯಾಲೆ ಬರೇ ಹಾಡು."

"ಎಮ್ಮಿ ಸಿಟ್ಟಿಗೇಳ್ತಾವ್ರಿ, ಸಾಹೇಬ್ರ," ಎಂದಳು ಉದ್ಘೋಷಕಿ ಶಶಿಕಲಾ.

"ಎಮ್ಮಿಗೆ ಹೆದರಿ ರೇಡಿಯೊ ನಡಸೂದೇನ್ರಿ?"

ಎಮ್ಮೆಗಳು ಹಾಲು ನಿಲ್ಲಿಸಿದವು. ಮೂರು ಮದುವೆಗಳು ಮಜ್ಜಿಗೆಯಿಲ್ಲದೆ ನಡೆದವು. ನಾಲ್ಕನೆಯ ದಿನ ಪಟ್ಟೇದ ಹಾಲಿಲ್ಲದ ಚಹಾ ಹಿಡಿದು ಸ್ಟುಡಿಯೊಗೆ ಬಂದರು. ಮನೆಯ ಎಮ್ಮೆ ಬೆಳಗ್ಗೆ ಅವರನ್ನು ಕಂಡು ಮುಖ ತಿರುಗಿಸಿತ್ತು.

"ಓದಿಬಿಡ್ರಿ ನಮ್ಮವ್ವ," ಎಂದರು. ಶಶಿಕಲಾ ಮೈಕಿನತ್ತ ಬಾಗುತ್ತಿದ್ದಂತೆ ಒಂದು ಚೀಟಿ ಸರಿಸಿ, ನಾಚುತ್ತ ಪಿಸುಗುಟ್ಟಿದರು: "ಇದೊಂದು ಹೆಸರೂ ಸೇರಸ್ರಿ. ಮೂವತ್ತು ವರ್ಷ ರೇಡಿಯೊದಾಗ ದುಡದೀನಿ, ಒಮ್ಮಿನೂ ನನ್ನ ಹೆಸರು ಯಾರೂ ಓದಿಲ್ಲ."

ಶಶಿಕಲಾ ಓದಿದಳು: "ಈ ಹಾಡನ್ನು ಕೋರಿದವರು ಗಂಗಿ, ಕರೆವ್ವ, ಮುರುಕೋಡಿ, ಪಟ್ಟೇದ ಮತ್ತು ಕೊಟ್ಟಿಗೆಯವರೆಲ್ಲರೂ."

ಪಟ್ಟೇದ ಕಣ್ಣೊರೆಸಿಕೊಂಡು ಕುರ್ಚಿ ಹತ್ತಿರ ಎಳೆದುಕೊಂಡರು.

"ಹಾಡು ಇರಲಿ ಬಿಡ್ರಿ," ಎಂದರು. "ಹೆಸರು ಇನ್ನೊಮ್ಮಿ ಓದ್ರಿ."