ಬಳೆಗಳ ಸದ್ದು

ಕಂಪ್ಯೂಟರಿನ ಪರದೆಯ ಮೇಲಿನ ಎಣಿಕೆ ಹನ್ನೆರಡು ಪರ್ಸೆಂಟಿಗೆ ಬಂದು ಮತ್ತೆ ನಿಂತಿತು.

“ಆಗುತ್ತಾ ಅಣ್ಣಾ?” ದರ್ಜಿ ಹೆಂಗಸು ಕೇಳಿದಳು. ಹೊಲಿಗೆ ಬಿಟ್ಟು ಓಡಿಬಂದವಳ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

“ಆಗದೆ ಏನು? ಪುಕ್ಕಟೆ ಸಾಫ್ಟ್‌ವೇರೇ ಇರಬಹುದು, ಇವತ್ತಿನವರೆಗೆ ಕೈ ಕೊಟ್ಟಿಲ್ಲ,” ಎಂದ ಫೋಟೋ ಸ್ಟುಡಿಯೋದವನು.

ವಿಡಿಯೋ, ಹಾಡು, ಫೋಟೋ, ಏನು ಕೊಟ್ಟರೂ ಕೇಳಿದ ರೂಪಕ್ಕೆ ಬದಲಾಯಿಸುತ್ತಿದ್ದದ್ದು ಇವತ್ತು ಮೊಂಡು ಹಿಡಿದಿತ್ತು. ಹಳೇ ಕ್ಯಾಮೆರಾದ ಫೈಲು. ಆ ಕ್ಯಾಮೆರಾ ಕೆಟ್ಟು ಕೂತಿದೆ, ಫೋನಿನಲ್ಲಿ ಫೈಲು ತೆರೆಯುವುದಿಲ್ಲ. ಇವನ ಕಂಪ್ಯೂಟರಿನಲ್ಲೂ ಚಿತ್ರದ ಜಾಗದಲ್ಲಿ ಬರೀ ಹಸಿರು ಪಟ್ಟೆ.

ಆ ವಿಡಿಯೋದಲ್ಲಿದ್ದವಳು ದರ್ಜಿ ಹೆಂಗಸಿನ ಅಮ್ಮ. ಹೋದ ತಿಂಗಳು ತೀರಿಕೊಂಡಳು. ಮನೆ ಬಿಟ್ಟುಹೋಗಿದ್ದ ಕಿರಿಮಗಳಿಗೆ ಹೇಳಬೇಕಾದದ್ದನ್ನೆಲ್ಲ ಅದಕ್ಕೆ ಮುಂಚೆ ಕ್ಯಾಮೆರಾದ ಮುಂದೆ ಹೇಳಿಟ್ಟಿದ್ದಳು.

“ಅಮ್ಮ ತನ್ನನ್ನ ಕ್ಷಮಿಸದೇ ಹೋದಳು ಅಂದ್ಕೊಂಡಿದಾಳೆ ನನ್ನ ತಂಗಿ. ಬೆಳಗ್ಗೆ ಬಂದಳು, ನಾಲ್ಕು ಗಂಟೆ ಬಸ್ಸಿಗೆ ಹೊರಟುಬಿಡ್ತಾಳೆ. ವಿಳಾಸ ಕೊಡಲ್ಲ, ನಂಬರೂ ಕೊಡಲ್ಲ. ನಾನು ಹೇಳಿದ್ರೆ ನಂಬಲ್ಲ, ಅಮ್ಮನೇ ಹೇಳಬೇಕು.” ಅವಳು ಕಣ್ಣೊರೆಸಿಕೊಂಡಳು. “ರೂಮಲ್ಲಿ ಬೆಳಕು ಕಮ್ಮಿ ಇತ್ತು ಅಣ್ಣಾ. ಅದೊಂದೇ ಭಯ.”

ಇಂಥ ಹೊತ್ತಿನಲ್ಲಿ ಬೆಳಕಿನ ಚಿಂತೆ ಯಾರಿಗೆ ಬೇಕು ಎಂದುಕೊಂಡ ಅವನು. “ನೀವು ಬಸ್‌ಸ್ಟ್ಯಾಂಡಿಗೆ ಓಡಿ ಅಕ್ಕಾ. ತಂಗೀನ ಹಿಡ್ಕೊಳ್ಳಿ. ನಿಮ್ಮ ಫೋನಿಗೆ ಕಳಿಸ್ತೀನಿ.”

ಅವಳು ಓಡಿದಳು.

ಮೂರೂ ಮುಕ್ಕಾಲು. ಕೊನೆಗೂ ಮಿಸುಕಿದ ಯಂತ್ರ, ಇನ್ನೂ ಒಂದು ಗಂಟೆ ಬೇಕು ಎಂದು ತೋರಿಸಿತು. ಗೋಡೆಯ ಮೇಲೆ ಅವನ ಅಪ್ಪನ ಫೋಟೋಗಳಿದ್ದವು, ಒಂದಲ್ಲ ಆರು. ಧ್ವನಿ ಮಾತ್ರ ಎಲ್ಲೂ ಉಳಿದಿರಲಿಲ್ಲ. ಆ ಸಂಕಟ ಅವನಿಗೆ ಇವತ್ತಿಗೂ ಇತ್ತು. ಚಿತ್ರ ಬಿಟ್ಟು ಆಡಿಯೋ ಮಾತ್ರ ಆರಿಸಿದ. ಎರಡೇ ನಿಮಿಷಕ್ಕೆ ಮುಗಿಯಿತು.

ಹಾಕಿ ಕೇಳಿದ. ಉಸಿರು. ಬಳೆಗಳ ಸದ್ದು. ಮತ್ತೆ ಉಸಿರು, ಮತ್ತೆ ಬಳೆ. ಪಾಪ, ಎಲ್ಲಿಂದ ಶುರು ಮಾಡುವುದೋ ತೋಚದೆ ಒದ್ದಾಡುತ್ತಿದೆ ಜೀವ, ಎಂದುಕೊಂಡ. ಪೂರ್ತಿ ಕೇಳುವಷ್ಟು ಪುರಸೊತ್ತಿರಲಿಲ್ಲ. ಬಳೆಗಳ ಗಲಾಟೆಯನ್ನು ಅಳಿಸಿ, ಸದ್ದು ಏರಿಸಿ, ನಾಲ್ಕಕ್ಕೆ ಇನ್ನೂ ಎಂಟು ನಿಮಿಷ ಇರುವಾಗಲೇ ಕಳಿಸಿದ. ಬಹಳ ದಿನದ ಮೇಲೆ ತನ್ನ ಕೆಲಸದ ಬಗ್ಗೆ ಅವನಿಗೆ ಹೆಮ್ಮೆಯಾಯಿತು.

ನಾಲ್ಕೂ ಐದಕ್ಕೆ ಫೋನು ಬಂತು. ಹಿಂದೆ ಬಸ್ಸುಗಳ ಸದ್ದು.

“ಹೋದಳಣ್ಣಾ. ಕಿವಿಗೆ ಇಟ್ಟುಕೊಂಡಳು, ನನ್ನ ಮುಖ ನೋಡಿದಳು. ಸತ್ತವಳನ್ನೂ ಗೇಲಿ ಮಾಡ್ತೀಯಾ ಅಕ್ಕಾ ಅಂದಳು. ಬಸ್ಸು ಹತ್ತಿಬಿಟ್ಟಳು.”

“ಯಾಕೆ? ಅಮ್ಮ ಹೇಳಿದ್ದು ಕೇಳಿಸಲಿಲ್ವಾ?”



“ನಿಮಗೆ ಹೇಳಬೇಕು ಅಂತ ನನಗೇ ಹೊಳೀಲಿಲ್ಲ. ನಮ್ಮಮ್ಮನಿಗೆ ಹುಟ್ಟಿದಾಗಿಂದ ಮಾತು ಬರ್ತಿರಲಿಲ್ಲ ಅಣ್ಣಾ, ಏನೇ ಹೇಳಿದ್ರೂ ಕೈಯಲ್ಲೇ ಹೇಳ್ತಿದ್ದಳು.”