ಅಟ್ಟದ ಏಣಿ

ಕೊಬ್ಬರಿ ಗಿಟುಕಿನ ವಾಸನೆ ಬಂದರೆ ಈಗಲೂ ನನಗೆ ಆ ಏಣಿ ನೆನಪಾಗುತ್ತದೆ.

ಅಟ್ಟದಲ್ಲಿಟ್ಟು ಒಣಗಿದ ಕಾಯಿ ಅಲ್ಲಾಡಿಸಿದರೆ ಒಳಗೆ ಗಿಟುಕು ಗಡಗಡ ಅನ್ನಬೇಕು. ಅದನ್ನು ಕೇಳಲು, ಎಂಟು ವರ್ಷದ ನಾನು ಆ ಮಧ್ಯಾಹ್ನ ಶೆಟ್ಟಿಕೆರೆಯ ಮನೆಯಲ್ಲಿ ಒಬ್ಬಳೇ ಅಟ್ಟ ಹತ್ತಿದ್ದೆ. ಇಳಿಯಲು ಕಾಲಿಟ್ಟೊಡನೆ ಏಣಿಯ ಮೇಲಿನ ಮೆಟ್ಟಿಲು ಮುರಿಯಿತು. ಏಣಿ ತಬ್ಬಿಕೊಂಡು ಕಿರುಚಿದೆ. ಮಂಡಿಚಿಪ್ಪು ಗಡಗಡ ಅಂದಿತು.

ಮನೆಯಲ್ಲಿದ್ದವಳು ಅವ್ವ ಒಬ್ಬಳೇ. ಅದೇ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡವಳು, "ಇನ್ ನಡ್ಯಾಕ್ ನನ್ ಕೈಲಾಗಲ್ಲ ಬುಡು" ಎಂದು ಊರುಗೋಲನ್ನು ಗೋಡೆಗೆ ಒರಗಿಸಿ, ಆರು ತಿಂಗಳಿಂದ ಒಳಕೋಣೆಯಲ್ಲಿ ಮಲಗಿದ್ದಳು.

"ಕೆಳಕ್ಕೆ ನೋಡ್ಬ್ಯಾಡ ಕಣೇ. ಯೇಸಪ್ಪಾ ಅನ್ನು, ಒಂದ್ ಮೆಟ್ಲು ಇಳಿ," ಎಂದು ಅಲ್ಲಿಂದಲೇ ಕೂಗಿದಳು.

ಕಣ್ಣು ಮುಚ್ಚಿಕೊಂಡು ಅಂದೆ, ಇಳಿದೆ. ಒಂದೊಂದು ಮೆಟ್ಟಿಲಿಗೂ ಅವಳೂ "ಯೇಸಪ್ಪಾ" ಅನ್ನುತ್ತಿದ್ದಳು. ಒಂದೊಂದು ಸಲವೂ ಇನ್ನಷ್ಟು ಹತ್ತಿರದಿಂದ ಕೇಳಿಸುತ್ತಿತ್ತು.

ಕಾಲಿಗೆ ನೆಲ ಸಿಕ್ಕಾಗ ಬೆನ್ನ ಮೇಲೊಂದು ಕೈ ಇತ್ತು. ಕಣ್ಣು ಬಿಟ್ಟೆ. ಅವ್ವನ ಊರುಗೋಲು ಒಳಕೋಣೆಯಲ್ಲೇ ಗೋಡೆಗೆ ಒರಗಿತ್ತು.